ಇಎಸ್‌ಐ ಕಚೇರಿಗೆ ಲೈನ್ ಸಿಗುತ್ತಿಲ್ಲವೇ? ನಿರುದ್ಯೋಗ ಪರಿಹಾರ ಕೈತಪ್ಪದಂತೆ ನೋಡಿಕೊಳ್ಳುವುದು ಹೀಗೆ

ಕೆಲಸ ಹೋಗಿ ತಿಂಗಳಾಗಿದೆ. ಸಂಬಳದಲ್ಲಿ ತಪ್ಪದೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಹಿಡಿಯುತ್ತಿದ್ದರು, ಆದ್ದರಿಂದ ‘ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ’ಯಲ್ಲಿ ಸ್ವಲ್ಪ ದುಡ್ಡು ಬರುತ್ತದೆ ಎಂದು ಯಾರೋ ಹೇಳಿದ್ದಾರೆ. ವಿಚಾರಿಸೋಣ ಎಂದು ಶಾಖಾ ಕಚೇರಿಗೆ ಫೋನ್ ಹಚ್ಚಿದರೆ ರಿಂಗ್ ಹೋಗುತ್ತದೆ, ಯಾರೂ ಎತ್ತುವುದಿಲ್ಲ. ಇಲ್ಲವೇ ಬೆಳಗಿನಿಂದ ಸಂಜೆಯವರೆಗೂ ಎಂಗೇಜ್. ಎರಡು ವಾರ ಹೀಗೇ ಕಳೆದರೆ ಯಾರಿಗಾದರೂ ಬೇಸರವಾಗುತ್ತದೆ, ಕೈಬಿಟ್ಟುಬಿಡೋಣ ಅನ್ನಿಸುತ್ತದೆ. ದಯವಿಟ್ಟು ಕೈಬಿಡಬೇಡಿ. 18,000 ರೂಪಾಯಿ ಸಂಬಳಕ್ಕೆ ತಿಂಗಳಿಗೆ 135 ರೂಪಾಯಿ ನಿಮ್ಮ ಕೈಯಿಂದ, 585 ರೂಪಾಯಿ ಮಾಲೀಕರ ಕಡೆಯಿಂದ ಇಎಸ್‌ಐ ನಿಗಮಕ್ಕೆ (ಇಎಸ್‌ಐಸಿ) ಹೋಗಿದೆ. ಇದು ಯಾರೋ ಕೊಡುವ ದಾನವಲ್ಲ, ನಿಮ್ಮ ಹೆಸರಲ್ಲಿ ಕಟ್ಟಿದ ವಿಮೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಫೋನ್ ಸಿಗಲಿ, ಆಮೇಲೆ ಅರ್ಜಿ ಹಾಕೋಣ ಎಂದು ಕೂರಬೇಡಿ. ಕೆಲಸ ಹೋದ ದಿನದಿಂದ 30 ದಿನ ಕಳೆದ ಮೇಲೆ ಕ್ಲೇಮ್ ಹಾಕಬಹುದು, ಒಂದು ವರ್ಷ ದಾಟಿದರೆ ಹಾಕುವಂತಿಲ್ಲ. ಕಚೇರಿಯವರು ಫೋನ್ ಎತ್ತಲಿಲ್ಲ ಎಂಬುದು ಆ ಒಂದು ವರ್ಷವನ್ನು ಹಿಗ್ಗಿಸುವುದಿಲ್ಲ. ಆನ್‌ಲೈನ್‌ನಲ್ಲಿ ಕ್ಲೇಮ್ ಹಾಕಿ, ಅದರ ನಂಬರ್ ಕೈಯಲ್ಲಿಟ್ಟುಕೊಂಡು ಆಮೇಲೆ ಫೋನ್ ಮಾಡಿ. ‘ನನಗೆ ಸಿಗುತ್ತಾ ಸರ್’ ಎಂದು ಕೇಳುವವರಿಗೂ ‘ನನ್ನ ಕ್ಲೇಮ್ ಎಲ್ಲಿದೆ ಸರ್’ ಎಂದು ಕೇಳುವವರಿಗೂ ಸಿಗುವ ಉತ್ತರ ಒಂದೇ ಆಗಿರುವುದಿಲ್ಲ.

ಮೊದಲು: ಈ ಪ್ರಶ್ನೆ ಈ ಕಚೇರಿಯದೇ?

ಕೆಲಸವಿಲ್ಲದವರಿಗೆ ಸರ್ಕಾರದಿಂದ ಬರುವ ಹಣ ಎಂದಾಗ ನಮ್ಮಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಕಲಸುಮೇಲೋಗರವಾಗುತ್ತವೆ. ಯುವನಿಧಿ ರಾಜ್ಯ ಸರ್ಕಾರದ್ದು. ಪದವಿ ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ, ಅರ್ಜಿ ಸೇವಾಸಿಂಧುವಿನಲ್ಲಿ. ಪಿಎಫ್ ಹಣದ ವಿಷಯ ಇಪಿಎಫ್‌ಒ ನೋಡಿಕೊಳ್ಳುತ್ತದೆ, ಅದರ ಟೋಲ್ ಫ್ರೀ ಸಂಖ್ಯೆ 14470. ಈ ಎರಡರ ಬಗ್ಗೆಯೂ ಇಎಸ್‌ಐ ಕೌಂಟರ್‌ನಲ್ಲಿ ಉತ್ತರವಿಲ್ಲ. ಇಎಸ್‌ಐನ ಪರಿಹಾರ ಸಿಗುವುದು ವಿಮೆ ಇದ್ದ ಕೆಲಸದಲ್ಲಿದ್ದು, ಅದು ಹೋದವರಿಗೆ ಮಾತ್ರ.

ಇಎಸ್‌ಐ ಸಂಬಂಧದ ಪ್ರಶ್ನೆಗಳಲ್ಲೂ ಒಂದು ದೊಡ್ಡ ಪಾಲು ನಿಜವಾಗಿ ಕೇಳಬೇಕಾದ್ದು ಹಳೆಯ ಕಂಪನಿಯ ಎಚ್‌ಆರ್‌ನವರನ್ನು. ಇದನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು, ಏಕೆಂದರೆ ಕ್ಲೇಮ್‌ಗಳು ಸಿಕ್ಕಿಹಾಕಿಕೊಳ್ಳುವ ಜಾಗವೇ ಇದು.

ಮಾಲೀಕರು ಪ್ರತಿ ತಿಂಗಳ ವಂತಿಗೆಯನ್ನು ಪೋರ್ಟಲ್‌ನಲ್ಲಿ ತುಂಬುವಾಗ ಒಬ್ಬೊಬ್ಬ ಕಾರ್ಮಿಕನ ಹೆಸರಿನ ಮುಂದೆ ಎಷ್ಟು ದಿನದ ಸಂಬಳ ಎಂದು ನಮೂದಿಸುತ್ತಾರೆ. ದಿನ ಸೊನ್ನೆ ಎಂದಾದರೆ ಕಾರಣವನ್ನು ಒಂದು ಕೋಡ್ ಮೂಲಕ ಆರಿಸಬೇಕು, ಕೊನೆಯ ದಿನ ಯಾವುದೆಂದು ಹಾಕಬೇಕು. ‘ಕೆಲಸ ಬಿಟ್ಟರು’ ಎಂಬುದು ಕೋಡ್ 2. ‘ನಿವೃತ್ತಿ’ ಕೋಡ್ 3. ‘ಕೆಲಸದಿಂದ ಕಡಿತ’, ಅಂದರೆ ರಿಟ್ರೆಂಚ್‌ಮೆಂಟ್, ಕೋಡ್ 10. ‘ಕೆಲಸವಿಲ್ಲ’ ಕೋಡ್ 11. ಕಂಪನಿ ಐವತ್ತು ಜನರನ್ನು ಒಂದೇ ದಿನ ಮನೆಗೆ ಕಳಿಸಿದಾಗ ಪೇರೋಲ್‌ನಲ್ಲಿ ಕೂತವರು ರೂಢಿಯ ಮೇಲೆ ಎಲ್ಲರಿಗೂ 2 ಒತ್ತಿಬಿಡುವುದುಂಟು. ತಾನಾಗಿ ರಾಜೀನಾಮೆ ಕೊಟ್ಟವರಿಗೆ ಈ ಯೋಜನೆಯಲ್ಲಿ ಪರಿಹಾರವಿಲ್ಲ. ಕಡತದಲ್ಲಿ ಕೋಡ್ 2 ಕಂಡರೆ ನೀವೇ ಬಿಟ್ಟುಹೋದಿರಿ ಎಂದೇ ಅರ್ಥವಾಗುತ್ತದೆ. ಇದನ್ನು ಸರಿಪಡಿಸಲು ಶಾಖಾ ಕಚೇರಿಗೆ ನೂರು ಸಲ ಫೋನ್ ಮಾಡಿದರೂ ಅವರು ಕೇಳುವುದು ಒಂದೇ: ಮಾಲೀಕರಿಂದ ಬರೆಸಿಕೊಂಡು ಬನ್ನಿ.

ಗುತ್ತಿಗೆ ಕೆಲಸದವರು ಇನ್ನೊಂದು ವಿಷಯ ಗಮನಿಸಬೇಕು. ನೀವು ದುಡಿದದ್ದು ದೊಡ್ಡ ಕಾರ್ಖಾನೆಯಲ್ಲಿ ಇರಬಹುದು, ಆದರೆ ಇಎಸ್‌ಐ ದಾಖಲೆಯಲ್ಲಿ ನಿಮ್ಮ ಮಾಲೀಕ ಲೇಬರ್ ಕಂಟ್ರಾಕ್ಟರ್. ಕೊನೆಯ ದಿನಾಂಕ ಹಾಕಬೇಕಾದವರೂ ಅವರೇ. ಕಂಟ್ರಾಕ್ಟರ್ ಬದಲಾದಾಗ ಹಳಬರು ನಿಮ್ಮ ಹೆಸರನ್ನು ಹಾಗೇ ಬಿಟ್ಟು ಹೋಗಿದ್ದರೆ ಪೋರ್ಟಲ್‌ನಲ್ಲಿ ನೀವು ಇನ್ನೂ ಕೆಲಸದಲ್ಲೇ ಇದ್ದೀರಿ.

ಹೀಗಾಗಿ ಮೊದಲ ಫೋನ್ ಎಚ್‌ಆರ್‌ಗೆ. ಕೇಳಬೇಕಾದ್ದು ಎರಡೇ ಮಾತು: ನನ್ನ ಕೊನೆಯ ದಿನಾಂಕ ಹಾಕಿದ್ದೀರಾ, ಕಾರಣ ಏನೆಂದು ತೋರಿಸಿದ್ದೀರಿ? ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲೋ ಮೇಲ್‌ನಲ್ಲೋ ಬರೆಸಿಕೊಳ್ಳಿ. ಕೆಲಸದಿಂದ ತೆಗೆದ ಪತ್ರ ಕೊಟ್ಟಿದ್ದರೆ ಅದರ ಫೋಟೊ ತೆಗೆದಿಡಿ.

ನಿಮಗೆ ಸಿಗಬೇಕಾದ್ದು ಎಷ್ಟು, ಲೆಕ್ಕ ನೀವೇ ಹಾಕಿ

ಅರ್ಹತೆ ಕೇಳಲೆಂದೇ ಫೋನ್ ಮಾಡುವುದಾದರೆ ಅದರ ಅಗತ್ಯವಿಲ್ಲ. ಕೆಲಸ ಹೋಗುವ ಮುಂಚೆ ಕನಿಷ್ಠ ಎರಡು ವರ್ಷ ವಿಮೆ ಇರುವ ಉದ್ಯೋಗದಲ್ಲಿರಬೇಕು. ವಂತಿಗೆಯ ಅವಧಿಗಳು ವರ್ಷಕ್ಕೆ ಎರಡು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕೆಲಸ ಹೋಗುವುದಕ್ಕೆ ಒತ್ತಿನ ಹಿಂದಿನ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ, ಆ ಎರಡು ವರ್ಷದ ಉಳಿದ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ ಮತ್ತೆ 78 ದಿನದ ವಂತಿಗೆ ಕಟ್ಟಿರಬೇಕು. ದುರ್ನಡತೆಗಾಗಿ ವಜಾ ಆದವರಿಗೆ, ನಿವೃತ್ತರಾದವರಿಗೆ, ವಿಆರ್‌ಎಸ್ (ಸ್ವಯಂ ನಿವೃತ್ತಿ) ತೆಗೆದುಕೊಂಡವರಿಗೆ ಇದು ಅನ್ವಯಿಸುವುದಿಲ್ಲ. ನಿಮ್ಮ ದಿನಗಳ ಲೆಕ್ಕ ವಿಮಾದಾರರ ಪೋರ್ಟಲ್‌ನ ವಂತಿಗೆ ವಿವರದಲ್ಲಿ ತಿಂಗಳುವಾರು ಕಾಣಿಸುತ್ತದೆ. 78ಕ್ಕೆ ಎರಡೋ ಮೂರೋ ದಿನ ಕಡಿಮೆ ಬಿದ್ದಿದ್ದರೆ ನಿಮ್ಮ ಪೇಸ್ಲಿಪ್ ಪಕ್ಕ ಇಟ್ಟು ಹೋಲಿಸಿ. ಮಾಲೀಕರು ದಿನ ತಪ್ಪಾಗಿ ತುಂಬಿರಬಹುದು.

ಪರಿಹಾರ ಜೀವಮಾನದಲ್ಲಿ ಒಟ್ಟು 90 ದಿನಕ್ಕೆ, ಸರಾಸರಿ ದಿನಗೂಲಿಯ ಶೇ 50. ಸರಾಸರಿ ತೆಗೆಯುವ ಕ್ರಮ ಎಲ್ಲರೂ ಅಂದುಕೊಂಡಂತಿಲ್ಲ. ಹಿಂದಿನ ನಾಲ್ಕು ವಂತಿಗೆ ಅವಧಿಗಳ ಒಟ್ಟು ಸಂಬಳವನ್ನು 730ರಿಂದ ಭಾಗಿಸುತ್ತಾರೆ. 18,000ದಂತೆ 24 ತಿಂಗಳಿಗೆ 4,32,000. ಅದನ್ನು 730ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 592, ಅರ್ಧ 296, ತೊಂಬತ್ತು ದಿನಕ್ಕೆ ಸುಮಾರು 26,630 ರೂಪಾಯಿ. ಅದೇ ಸಂಬಳದವರಿಗೆ ನಡುವೆ ನಾಲ್ಕು ತಿಂಗಳು ಸಂಬಳವಿರಲಿಲ್ಲ ಎನ್ನಿ. ಒಟ್ಟು 3,60,000 ಆಗುತ್ತದೆ, ಆದರೆ ಭಾಗಿಸುವ ಸಂಖ್ಯೆ 730 ಆಗಿಯೇ ಉಳಿಯುತ್ತದೆ. ಆಗ ಕೈಗೆ ಬರುವುದು 22,190 ರೂಪಾಯಿಯ ಆಸುಪಾಸು. ‘ಕಡಿಮೆ ಹಾಕಿದ್ದಾರೆ’ ಎಂದು ಫೋನ್ ಮಾಡುವ ಮುನ್ನ ಈ ಲೆಕ್ಕ ಒಂದು ಸಲ ಹಾಕಿ ನೋಡಿ.

ಕಚೇರಿಯನ್ನೇ ಕೇಳಬೇಕಾದ ಒಂದು ಪ್ರಶ್ನೆ ಮಾತ್ರ ಇದೆ. ಈ ಯೋಜನೆ 2018ರ ಜುಲೈ 1ರಂದು ಎರಡು ವರ್ಷದ ಪ್ರಯೋಗವಾಗಿ ಶುರುವಾಯಿತು. ಆಮೇಲೆ ಕಂತು ಕಂತಾಗಿ ವಿಸ್ತರಿಸುತ್ತ ಬಂದಿದ್ದಾರೆ: ಒಂದು ವಿಸ್ತರಣೆ 2024ರ ಜೂನ್ 30ರವರೆಗೆ, ಮುಂದಿನದು 2026ರ ಜೂನ್ 30ರವರೆಗೆ. ನಿಮ್ಮ ಕೆಲಸ ಹೋದ ದಿನಾಂಕಕ್ಕೆ ಯೋಜನೆ ಜಾರಿಯಲ್ಲಿತ್ತೇ, ಶೇ 50ರ ದರವೇ ಇತ್ತೇ ಎಂಬುದನ್ನು ಕೇಳಿ ತಿಳಿದುಕೊಳ್ಳಿ.

ಕ್ಲೇಮ್ ಹಾಕುವುದು

ಇಎಸ್‌ಐಸಿ ಪೋರ್ಟಲ್‌ನಲ್ಲಿ ವಿಮಾದಾರರ ಲಾಗಿನ್‌ಗೆ ಹೋಗಿ. ಹತ್ತು ಅಂಕಿಯ ವಿಮಾ ಸಂಖ್ಯೆ, ಜನ್ಮದಿನಾಂಕ, ದಾಖಲೆಯಲ್ಲಿರುವ ಮೊಬೈಲ್ ನಂಬರ್ ಬೇಕು. ವಿಮಾ ಸಂಖ್ಯೆ ಇಎಸ್‌ಐ ಗುರುತಿನ ಚೀಟಿಯಾದ ಪೆಹಚಾನ್ ಕಾರ್ಡ್‌ನಲ್ಲಿದೆ, ಬಹುತೇಕ ಪೇಸ್ಲಿಪ್‌ಗಳಲ್ಲೂ ಇರುತ್ತದೆ. ಅದನ್ನು 17 ಅಂಕಿಯ ಮಾಲೀಕರ ಕೋಡ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಯೋಜನೆಯ ಕ್ಲೇಮ್ ತೆರೆದು ಕೆಲಸ ಹೋದ ದಿನ, ಎಷ್ಟು ದಿನದ ಪರಿಹಾರ, ಬ್ಯಾಂಕ್ ವಿವರ ತುಂಬಿ, ಆಧಾರ್ ಪ್ರತಿ ಮತ್ತು ಪಾಸ್‌ಬುಕ್‌ನ ಮೊದಲ ಪುಟವನ್ನು ಸ್ಕ್ಯಾನ್ ಮಾಡಿ ಸೇರಿಸಿ. ಅಪ್‌ಲೋಡ್ ಆಗದಿದ್ದರೆ ಕ್ಲೇಮ್‌ನ ಪ್ರಿಂಟ್ ತೆಗೆದು ಸಹಿ ಹಾಕಿ, ಪ್ರತಿಗಳ ಸಮೇತ ಶಾಖಾ ಕಚೇರಿಗೆ ಕೊಡಿ ಅಥವಾ ಸ್ಪೀಡ್ ಪೋಸ್ಟ್ ಮಾಡಿ. ಛಾಪಾ ಕಾಗದದಲ್ಲಿ ಅಫಿಡವಿಟ್ ಬೇಕು ಎಂಬ ಹಳೆಯ ಷರತ್ತನ್ನು 2020ರಲ್ಲೇ ಕೈಬಿಟ್ಟಿದ್ದಾರೆ. ಮಾಲೀಕರ ಮೂಲಕವೇ ಅರ್ಜಿ ಬರಬೇಕು ಎಂಬುದನ್ನೂ ಆಗಲೇ ತೆಗೆದರು. ನೀವೇ ನೇರ ಹಾಕಬಹುದು.

ಹೆಸರಿನ ಅಕ್ಷರ ಮೂರೂ ಕಡೆ ಒಂದೇ ಇರಲಿ. ಇಎಸ್‌ಐನಲ್ಲಿ ‘ಮಂಜುನಾಥ ಎಸ್’, ಆಧಾರ್‌ನಲ್ಲಿ ‘ಮಂಜುನಾಥ್ ಶಿವಪ್ಪ’, ಬ್ಯಾಂಕಿನಲ್ಲಿ ‘ಎಸ್ ಮಂಜುನಾಥ’ ಎಂದಿದ್ದರೆ ಕಡತ ಅಲ್ಲೇ ಕೂರುತ್ತದೆ, ಅದು ಕೂತಿದೆ ಎಂದು ನಿಮಗೆ ಯಾರೂ ಹೇಳದಿರಬಹುದು. ಬ್ಯಾಂಕುಗಳು ವಿಲೀನವಾದ ಮೇಲೆ ಐಎಫ್‌ಎಸ್‌ಸಿ ಬದಲಾಗಿರುತ್ತದೆ. ಹಳೆಯ ಪಾಸ್‌ಬುಕ್ ನೋಡಿ ಬರೆಯದೆ ಬ್ಯಾಂಕಿನಲ್ಲಿ ಹೊಸದಾಗಿ ಎಂಟ್ರಿ ಹಾಕಿಸಿಕೊಂಡು ಬರೆಯಿರಿ.

ಫೋನಿನ ಸದ್ದು ಏನು ಹೇಳುತ್ತಿದೆ

ಸದ್ದುಗಳಲ್ಲಿ ವ್ಯತ್ಯಾಸವಿದೆ. ಅದು ತಿಳಿದರೆ ಅರ್ಧ ದಿನ ಉಳಿಯುತ್ತದೆ.

ಶಾಖಾ ಕಚೇರಿಗಳಲ್ಲಿ ಇರುವುದು ಸಾಮಾನ್ಯವಾಗಿ ಒಂದೋ ಎರಡೋ ಲ್ಯಾಂಡ್‌ಲೈನ್. ಫೋನ್ ಎತ್ತುವವರೇ ಕೌಂಟರ್‌ನಲ್ಲೂ ಕೂತಿರುತ್ತಾರೆ. ಎದುರಿಗೆ ಹದಿನೈದು ಜನ ನಿಂತಿರುವಾಗ ಅವರ ಕೈ ಫೋನಿನ ಕಡೆ ಹೋಗುವುದಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕಿವಿಗೊಡಿ.

ಎರಡು ಸಣ್ಣ ರಿಂಗ್, ಎರಡು ಸೆಕೆಂಡ್ ಮೌನ, ಮತ್ತೆ ಎರಡು ರಿಂಗ್. ಲೈನ್ ಜೀವಂತವಾಗಿದೆ, ಕುರ್ಚಿಯಲ್ಲಿ ಜನವಿಲ್ಲ ಅಥವಾ ಎತ್ತುತ್ತಿಲ್ಲ. ಒಂದರ ಹಿಂದೊಂದು ಹತ್ತು ಸಲ ಮಾಡುವುದರಿಂದ ಏನೂ ಆಗುವುದಿಲ್ಲ. ನಲವತ್ತು ನಿಮಿಷ ಬಿಟ್ಟು ಮಾಡಿ.

ನಿಧಾನದ ಟೂ… ಟೂ… ಟೂ. ಇದು ನಿಜವಾದ ಎಂಗೇಜ್. ಯಾರೋ ಮಾತಾಡುತ್ತಿದ್ದಾರೆ, ಇಲ್ಲವೇ ರಿಸೀವರ್ ಕೆಳಗಿಟ್ಟಿದ್ದಾರೆ. ಎರಡರಲ್ಲಿ ಯಾವುದೆಂದು ತಿಳಿಯಲು ಸುಲಭದ ಪರೀಕ್ಷೆಯಿದೆ: ಸಂಜೆ ಏಳು ಗಂಟೆಗೆ, ಕಚೇರಿ ಮುಚ್ಚಿದ ಮೇಲೆ ಅದೇ ನಂಬರಿಗೆ ಒಮ್ಮೆ ಮಾಡಿ. ರಿಂಗ್ ಹೋದರೆ ಲೈನ್ ಸರಿಯಿದೆ, ಹಗಲಿನ ಗಲಾಟೆಯಲ್ಲಿ ಸಿಗುತ್ತಿಲ್ಲ ಅಷ್ಟೆ, ಪ್ರಯತ್ನ ಮುಂದುವರಿಸಿ. ಬೀಗ ಹಾಕಿದ ಕಚೇರಿಯ ಫೋನೂ ಎಂಗೇಜ್ ಬರುತ್ತಿದ್ದರೆ ರಿಸೀವರ್ ಸರಿಯಾಗಿ ಕೂತಿಲ್ಲ ಅಥವಾ ಲೈನ್ ಕೆಟ್ಟಿದೆ. ಮರುದಿನ ಬೆಳಿಗ್ಗೆಯೂ ಹಾಗೇ ಇದ್ದರೆ ಆ ನಂಬರಿನ ಹಿಂದೆ ಇನ್ನೊಂದು ದಿನ ಕಳೆಯಬೇಡಿ.

ಬಡಬಡನೆ ಓಡುವ ಟೂಟೂಟೂಟೂ. ಇದು ನೆಟ್‌ವರ್ಕ್‌ನ ದಟ್ಟಣೆ. ನಿಮ್ಮ ಕರೆ ಕಚೇರಿಯವರೆಗೆ ಹೋಗಿಯೇ ಇಲ್ಲ. ಒಂದೆರಡು ನಿಮಿಷದಲ್ಲಿ ಮತ್ತೆ ಮಾಡಿ, ಮನೆಯಲ್ಲಿ ಬೇರೆ ಕಂಪನಿಯ ಸಿಮ್ ಇದ್ದರೆ ಅದರಿಂದ ಮಾಡಿ. ಮೊಬೈಲಿನಲ್ಲಿ ಈ ಟೋನ್‌ಗಳ ಬದಲು ಧ್ವನಿಮುದ್ರಿತ ಮಾತು ಬರುವುದೂ ಉಂಟು, ಆಗ ಅದನ್ನು ಪೂರ್ತಿ ಕೇಳಿಸಿಕೊಳ್ಳಿ: ‘ನಿರತರಾಗಿದ್ದಾರೆ’ ಬೇರೆ, ‘ಸಂಪರ್ಕ ಸಾಧ್ಯವಾಗುತ್ತಿಲ್ಲ’ ಬೇರೆ.

ಕೀರಲು ಶಿಳ್ಳೆಯಂಥ ಸದ್ದು ಬಂದರೆ ಅದು ಫ್ಯಾಕ್ಸ್ ನಂಬರ್. ಹಳೆಯ ಪಟ್ಟಿಗಳಲ್ಲಿ ಎರಡೂ ಅಕ್ಕಪಕ್ಕ ಇರುತ್ತವೆ.

‘ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ’ ಎಂದರೆ ಮೊದಲು ಅಂಕಿ ಎಣಿಸಿ. ಮೊಬೈಲಿನಿಂದ ಲ್ಯಾಂಡ್‌ಲೈನಿಗೆ ಮಾಡುವಾಗ ಮುಂದಿನ ಸೊನ್ನೆ, ಎಸ್‌ಟಿಡಿ ಕೋಡ್, ನಂಬರ್ ಸೇರಿ ಒಟ್ಟು 11 ಅಂಕಿ ಬರಬೇಕು. ಬೆಂಗಳೂರಿಗೆ 080 ಮತ್ತು ಎಂಟು ಅಂಕಿ, ಮೈಸೂರಿಗೆ 0821 ಮತ್ತು ಏಳು, ದಾವಣಗೆರೆಗೆ 08192 ಮತ್ತು ಆರು. ಹತ್ತೇ ಅಂಕಿ ಇದ್ದರೆ ಎಲ್ಲೋ ಒಂದು ಬಿಟ್ಟಿದ್ದೀರಿ. ಹನ್ನೊಂದೂ ಸರಿಯಿದ್ದರೆ ನಂಬರೇ ಬದಲಾಗಿದೆ. ನಿಗಮದ ಅಧಿಕೃತ ವೆಬ್‌ಸೈಟ್‌ನ ಶಾಖಾ ಕಚೇರಿಗಳ ಪಟ್ಟಿಯಲ್ಲಿ ಹೊಸದನ್ನು ನೋಡಿ. ಅದೇ ಸಾಲಿನಲ್ಲಿ ಕಚೇರಿಯ ಇಮೇಲ್ ಇದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಾವಾಗ ಮಾಡಬೇಕು

ಸೋಮವಾರ ಬೇಡ, ರಜೆಯ ಮರುದಿನವೂ ಬೇಡ. ತಿಂಗಳ 10ರಿಂದ 15ರವರೆಗೆ ಮಾಲೀಕರ ಕರೆಗಳ ಒತ್ತಡವಿರುತ್ತದೆ, ಏಕೆಂದರೆ ಹಿಂದಿನ ತಿಂಗಳ ವಂತಿಗೆ ಕಟ್ಟಲು 15 ಕಡೆಯ ದಿನ. ಮೇ ಮತ್ತು ನವೆಂಬರ್‌ನ ಮೊದಲ ಹತ್ತು ದಿನಗಳಲ್ಲಿ ಅರ್ಧವಾರ್ಷಿಕ ರಿಟರ್ನ್‌ನ ಕೆಲಸ. ಉಳಿದ ದಿನಗಳಲ್ಲಿ ಮಂಗಳವಾರದಿಂದ ಗುರುವಾರ, ಬೆಳಿಗ್ಗೆ ಕಚೇರಿ ತೆರೆದ ಅರ್ಧ ಗಂಟೆಯ ನಂತರ, ಅಥವಾ ಮಧ್ಯಾಹ್ನ ಮೂರರಿಂದ ನಾಲ್ಕೂವರೆಯ ನಡುವೆ ಮಾಡುವುದು ಮೇಲು. ತೆರೆದ ಕೂಡಲೇ ಎಲ್ಲರೂ ಮಾಡುತ್ತಾರೆ, ಊಟದ ಹೊತ್ತಿಗೆ ಕುರ್ಚಿ ಖಾಲಿ, ಐದರ ನಂತರ ಅವರ ಗಮನ ಕಡತ ಮುಚ್ಚುವುದರ ಮೇಲೆ.

ದಿನಕ್ಕೆ ನಾಲ್ಕು ಸಲ ಸಾಕು. ಮೂರು ದಿನದಲ್ಲಿ ಬೇರೆ ಬೇರೆ ಹೊತ್ತಿಗೆ ಹನ್ನೆರಡು ಸಲ ಮಾಡಿಯೂ ಯಾರೂ ಎತ್ತದಿದ್ದರೆ ಆ ದಾರಿ ಬಿಟ್ಟು ಮುಂದಿನದಕ್ಕೆ ಹೋಗಿ.

ಮುಂದಿನದು ನಿಗಮದ ಟೋಲ್ ಫ್ರೀ ಸಂಖ್ಯೆ 1800-11-2526. ಹತ್ತೇ ಅಂಕಿ, ಮುಂದೆ ಸೊನ್ನೆಯಾಗಲಿ 91 ಆಗಲಿ ಹಾಕಬೇಕಾಗಿಲ್ಲ, ದುಡ್ಡೂ ಹೋಗುವುದಿಲ್ಲ. ಗುಂಡಿ ಒತ್ತಲು ಹೇಳುವ ಧ್ವನಿ ಬಂದಾಗ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಡಿ. ಕಿವಿಯಿಂದ ತೆಗೆದು ಕೀಪ್ಯಾಡ್ ತೆರೆಯುವಷ್ಟರಲ್ಲಿ ಸಮಯ ಮುಗಿದು ಕರೆ ಮೊದಲಿಗೆ ಮರಳುತ್ತದೆ. ಸಂಗೀತ ಕೇಳಿಸುತ್ತ ಕಾಯಿಸುವಾಗ ಬೇಸತ್ತು ಇಟ್ಟರೆ ಸಾಲಿನ ಕೊನೆಗೆ ಹೋಗುತ್ತೀರಿ. ಚಾರ್ಜರ್ ಚುಚ್ಚಿ ಹಾಗೇ ಬಿಡಿ, ಆ ಹೊತ್ತಿಗೆ ಕಾಲ್ ವೇಟಿಂಗ್‌ನಲ್ಲಿ ಬರುವ ಬೇರೆ ಕರೆ ಎತ್ತಬೇಡಿ. ಅಲ್ಲಿ ಮಾತಿಗೆ ಸಿಕ್ಕವರಿಗೆ ನಿಮ್ಮ ಕ್ಲೇಮ್ ಮಂಜೂರು ಮಾಡುವ ಅಧಿಕಾರವಿಲ್ಲ. ಅವರಿಂದ ಪಡೆಯಬೇಕಾದ್ದು ದೂರಿನ ನೋಂದಣಿ ಸಂಖ್ಯೆ. ಅದು ಸಿಗದೆ ಫೋನ್ ಇಡಬೇಡಿ.

ಮೂರನೆಯದು ಮೇಲಿನ ಕಚೇರಿ. ಕರ್ನಾಟಕದ ಪ್ರಾದೇಶಿಕ ಕಚೇರಿ ಬೆಂಗಳೂರಿನ ಬಿನ್ನಿಪೇಟೆಯಲ್ಲಿದೆ. ಪೀಣ್ಯ, ಬೊಮ್ಮಸಂದ್ರ, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಉಪಪ್ರಾದೇಶಿಕ ಕಚೇರಿಗಳಿವೆ. ಅಲ್ಲಿ ‘ಬೆನಿಫಿಟ್ ಬ್ರಾಂಚ್’ ಕೇಳಿ. ನಿಮ್ಮ ಕ್ಲೇಮ್ ಅಲ್ಲಿ ಇರುವುದಿಲ್ಲ, ಆದರೆ ನಿಮ್ಮ ಶಾಖಾ ಕಚೇರಿಯ ಈಗಿನ ನಂಬರ್ ಮತ್ತು ಮ್ಯಾನೇಜರ್‌ಗೆ ಯಾವ ಇಮೇಲ್ ಕಳಿಸಬೇಕು ಎಂಬುದು ಅವರಿಗೆ ಗೊತ್ತಿರುತ್ತದೆ.

ಎತ್ತಿದರು. ಈಗ?

ನಿಮಗೆ ಸಿಗುವುದು ಎರಡು ನಿಮಿಷ. ಕೆಲಸ ಹೇಗೆ ಹೋಯಿತು, ಮನೆಯಲ್ಲಿ ಏನು ಕಷ್ಟ ಎಂದು ಶುರು ಮಾಡಿದರೆ ಆ ಎರಡು ನಿಮಿಷ ಅಲ್ಲಿಗೇ ಮುಗಿಯುತ್ತದೆ. ಹೇಳಿಕೊಳ್ಳಬೇಕು ಅನ್ನಿಸುವುದು ಸಹಜ, ಆದರೂ ತಡೆದುಕೊಳ್ಳಿ. ನಂಬರ್ ಮೊದಲು, ಪ್ರಶ್ನೆ ಆಮೇಲೆ:

‘ನಮಸ್ಕಾರ ಸರ್. ಅಟಲ್ ಯೋಜನೆ ಕ್ಲೇಮ್ ವಿಷಯ. ಇನ್ಶೂರೆನ್ಸ್ ನಂಬರ್ ಹೇಳ್ತೀನಿ, ಬರ್ಕೊಳ್ತೀರಾ? ಕೆಲಸ ಹೋಗಿದ್ದು ಮಾರ್ಚ್ 31. ಆನ್‌ಲೈನ್ ಕ್ಲೇಮ್ ಹಾಕಿದ್ದು ಮೇ 6. ಈಗ ಯಾರ ಹತ್ರ ಪೆಂಡಿಂಗ್ ಇದೆ ಸರ್?’

ಕೊನೆಯ ಪ್ರಶ್ನೆಯನ್ನು ಹಾಗೇ ಕೇಳಿ. ‘ಯಾವಾಗ ಬರುತ್ತೆ’ ಎಂದು ಕೇಳಿದರೆ ‘ಬರುತ್ತಮ್ಮಾ, ಬರುತ್ತೆ’ ಎಂಬ ಉತ್ತರ ಸಿಗುತ್ತದೆ. ‘ಯಾರ ಹತ್ರ’ ಎಂದು ಕೇಳಿದರೆ ಕಂಪ್ಯೂಟರ್ ತೆರೆದು ನೋಡಲೇಬೇಕಾಗುತ್ತದೆ. ಮಾಲೀಕರ ದೃಢೀಕರಣಕ್ಕೆ ಕಾಯುತ್ತಿದೆಯೇ, ದಾಖಲೆ ಹೊಂದುತ್ತಿಲ್ಲವೇ, ಮ್ಯಾನೇಜರ್ ಸಹಿ ಆಗಬೇಕೇ, ಬ್ಯಾಂಕಿನಿಂದ ಹಣ ಹಿಂದಿರುಗಿದೆಯೇ: ಈ ನಾಲ್ಕರಲ್ಲಿ ಯಾವುದು ಎಂದು ತಿಳಿದರೆ ಮುಂದೆ ಮಾಡಬೇಕಾದ್ದು ತಾನಾಗಿ ಗೊತ್ತಾಗುತ್ತದೆ.

‘ಸಾಹೇಬ್ರು ಇಲ್ಲ, ನಾಳೆ ಮಾಡಿ’ ಎಂದರೆ ‘ಆಯ್ತು ಮೇಡಂ, ನಾಳೆ ಎಷ್ಟೊತ್ತಿಗೆ, ಯಾರನ್ನ ಕೇಳ್ಲಿ?’ ಎನ್ನಿ. ಸಿಟ್ಟು ಬಂದರೂ ಧ್ವನಿ ಏರಿಸಬೇಡಿ. ನಾಳೆಯೂ ಎತ್ತಬೇಕಾದವರು ಅವರೇ.

ಫೋನ್ ಇಟ್ಟ ಕೂಡಲೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಇಷ್ಟಿದ್ದರೆ ಸಾಕು:

12ನೇ ತಾರೀಕು, ಮಂಗಳವಾರ, ಬೆಳಿಗ್ಗೆ 10:40. ಶಾಖಾ ಕಚೇರಿ ಲ್ಯಾಂಡ್‌ಲೈನ್. ಮೂರನೇ ಸಲಕ್ಕೆ ಎತ್ತಿದರು. ಮಾತಾಡಿದ್ದು: ಕ್ಲೇಮ್ ನೋಡುವ ಗುಮಾಸ್ತರು. ಹೇಳಿದ್ದು: ಕ್ಲೇಮ್ ಬಂದಿದೆ, ಕಂಪನಿಗೆ ಕೇಳಿದ್ದೇವೆ, ಉತ್ತರ ಬಂದಿಲ್ಲ. ಮಾಡಬೇಕಾದ್ದು: ಎಚ್‌ಆರ್‌ಗೆ ಇವತ್ತೇ ಮೇಲ್. ಮತ್ತೆ ಕೇಳುವುದು: 19, ಮಂಗಳವಾರ.

ಉತ್ತರ ಸಿಗದ ಕರೆಗಳನ್ನೂ ದಿನ, ಗಂಟೆ ಸಮೇತ ಬರೆಯಿರಿ, ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ತೆಗೆದಿಡಿ. ‘ಎಷ್ಟು ಸಲ ಮಾಡಿದರೂ ಎತ್ತಲ್ಲ’ ಎಂಬ ಮಾತು ದೂರಿನಲ್ಲಿ ನಿಲ್ಲುವುದಿಲ್ಲ. ಹನ್ನೆರಡು ದಿನಾಂಕ, ಹನ್ನೆರಡು ಗಂಟೆ ಬರೆದರೆ ನಿಲ್ಲುತ್ತದೆ.

ವಾಪಸ್ ಫೋನ್ ಬಂದರೆ ಹುಷಾರು

ಕಚೇರಿಯ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡದ್ದಕ್ಕೆ ಮಾಡಬೇಡಿ. ಅಲ್ಲಿ ಕಸ್ಟಮರ್ ಕೇರ್ ಹೆಸರಿನಲ್ಲಿ ವಂಚಕರು ತಮ್ಮ ಮೊಬೈಲ್ ನಂಬರ್ ಹಾಕಿರುತ್ತಾರೆ. ಸೈಟಿನ ವಿಳಾಸ ‘ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯುತ್ತದೆಯೇ ನೋಡಿ. ಲೈನ್ ಸಿಗದೆ ಹತಾಶರಾದವರಿಗೆ ತಾನಾಗಿ ಬರುವ ಕರೆ ದೇವರು ಕಳಿಸಿದಂತೆ ಕಾಣುತ್ತದೆ, ಮೋಸ ಹೋಗುವುದು ಆಗಲೇ. ಕ್ಲೇಮ್‌ಗೆ ಯಾವ ಶುಲ್ಕವೂ ಇಲ್ಲ. ಒಟಿಪಿ, ಎಟಿಎಂ ಪಿನ್, ಯುಪಿಐ ಪಿನ್ ಕೇಳಿದರೆ, ಆ್ಯಪ್ ಹಾಕಿಕೊಳ್ಳಿ ಎಂದರೆ, ‘ಪ್ರೊಸೆಸಿಂಗ್‌ಗೆ 500 ಕಳಿಸಿ’ ಎಂದರೆ ಅಲ್ಲೇ ಕಟ್ ಮಾಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಫೋನ್ ಬಿಟ್ಟು ಕಾಗದ ಹಿಡಿಯುವ ಹೊತ್ತು

ಕ್ಲೇಮ್ ಹಾಕಿ ಒಂದು ತಿಂಗಳಾದರೂ ಹಣವಿಲ್ಲ, ಉತ್ತರವಿಲ್ಲ ಎಂದಾದರೆ ಫೋನ್ ಮಾಡಿದ್ದು ಸಾಕು. ಶಾಖಾ ಮ್ಯಾನೇಜರ್‌ಗೆ ಅರ್ಧ ಪುಟದ ಪತ್ರ ಬರೆಯಿರಿ: ವಿಮಾ ಸಂಖ್ಯೆ, ಕ್ಲೇಮ್ ಹಾಕಿದ ದಿನ, ಕರೆ ಮಾಡಿದ ದಿನಗಳು, ‘ಯಾವ ದಾಖಲೆ ಕಡಿಮೆಯಿದೆ ಎಂದು ಲಿಖಿತವಾಗಿ ತಿಳಿಸಿ’ ಎಂಬ ಒಂದು ಸಾಲು. ಕೈಯಲ್ಲಿ ಕೊಡುವುದಾದರೆ ಎರಡು ಪ್ರತಿ ಒಯ್ದು ಒಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಊರು ದೂರವಿದ್ದರೆ ಸ್ವೀಕೃತಿ ಬರುವಂತೆ ಸ್ಪೀಡ್ ಪೋಸ್ಟ್ ಮಾಡಿ. ಕುಂದುಕೊರತೆ ಕೇಳಲು ನಿಗಮ ನಡೆಸುವ ‘ಸುವಿಧಾ ಸಮಾಗಮ’ ಸಭೆ ನಿಮ್ಮಲ್ಲಿ ಯಾವ ದಿನ ಎಂದು ಕಚೇರಿಯ ನೋಟಿಸ್ ಬೋರ್ಡ್‌ನಲ್ಲಿ ನೋಡಿ. ಅವತ್ತು ಹೋದರೆ ಕೌಂಟರ್‌ನ ಬದಲು ಅಧಿಕಾರಿಯ ಎದುರೇ ಕೂತು ಮಾತಾಡಬಹುದು.

ಅದಕ್ಕೂ ಬಗ್ಗದಿದ್ದರೆ ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ಪೋರ್ಟಲ್. ಕಾರ್ಮಿಕ ಸಚಿವಾಲಯ, ಅದರೊಳಗೆ ಇಎಸ್‌ಐಸಿ ಆರಿಸಿ ದೂರು ಹಾಕಬೇಕು. ಇದು ಉಚಿತ. ದೂರಿಗೆ 21 ದಿನದೊಳಗೆ ಉತ್ತರ ಕೊಡಬೇಕೆಂದು 2024ರಲ್ಲಿ ಗಡುವು ಇಳಿಸಿದ್ದಾರೆ. ಒಂದು ದೂರಿನಲ್ಲಿ ಒಂದೇ ವಿಷಯ ಇರಲಿ. ಫೋನ್ ಎತ್ತುವುದಿಲ್ಲ, ಆಸ್ಪತ್ರೆಯಲ್ಲಿ ಔಷಧ ಇಲ್ಲ, ಕಂಪನಿ ಪಿಎಫ್ ಕಟ್ಟಿಲ್ಲ ಎಂದು ಎಲ್ಲವನ್ನೂ ಸೇರಿಸಿದರೆ ಅವರು ಸುಲಭದ್ದಕ್ಕೆ ಉತ್ತರ ಬರೆದು ಮುಚ್ಚುತ್ತಾರೆ. ಉತ್ತರ ಒಪ್ಪಿಗೆಯಾಗದಿದ್ದರೆ ಮೂವತ್ತು ದಿನದೊಳಗೆ ಅಲ್ಲಿಯೇ ಮೇಲ್ಮನವಿ ಹಾಕಬಹುದು.

ಕೊನೆಯ ಅಸ್ತ್ರ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, ಆನ್‌ಲೈನ್‌ನಲ್ಲೇ ಹಾಕಬಹುದು, ಉತ್ತರಕ್ಕೆ 30 ದಿನ. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ‘ನನ್ನ ಹಣ ಏಕೆ ಕೊಟ್ಟಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕಲು ದಾರಿ ಸಿಗುತ್ತದೆ. ಹೀಗೆ ಕೇಳಿ: ‘ಇಂಥ ದಿನ ಸಲ್ಲಿಸಿದ ನನ್ನ ಕ್ಲೇಮ್ ಮೇಲೆ ಈವರೆಗೆ ದಿನವಾರು ಕೈಗೊಂಡ ಕ್ರಮದ ವಿವರ, ಕಡತ ಯಾವ ಯಾವ ಅಧಿಕಾರಿಯ ಬಳಿ ಎಷ್ಟು ದಿನ ಇತ್ತು ಎಂಬುದು, ಟಿಪ್ಪಣಿ ಹಾಳೆಗಳ ಪ್ರತಿ.’ ಅರ್ಜಿಯ ಜೊತೆ ಪೋರ್ಟಲ್‌ನ ಕ್ಲೇಮ್ ಪ್ರಿಂಟ್ ಲಗತ್ತಿಸಿ, ಕರೆಗಳ ಪಟ್ಟಿಯನ್ನೂ ಸೇರಿಸಿ.